ಉಪವಾಸ, ಆಕರಕೋಶ ಮತ್ತು ನೊಬೆಲ್: ನಿಜವೆಷ್ಟು, ವ್ಯಾಪಾರವೆಷ್ಟು?

"ಉಪವಾಸ ಮಾಡಿದರೆ ದೇಹ ತನ್ನೊಳಗಿನ ಕಸವನ್ನು ತಾನೇ ತಿಂದು ಮುಗಿಸುತ್ತದೆ, ಹೊಸ ಆಕರಕೋಶಗಳು ಹುಟ್ಟುತ್ತವೆ, ಇದನ್ನು ಕಂಡುಹಿಡಿದ ಜಪಾನಿನ ವಿಜ್ಞಾನಿಗೆ ನೊಬೆಲ್ ಬಂದಿದೆ." ತಪಸ್ಸುಕಾಲ ಬಂದರೆ ಸಾಕು, ಇಂತಹ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡತೊಡಗುತ್ತವೆ. ಮಹಾಶಿವರಾತ್ರಿ, ರಂಜಾನ್ ಸಮಯದಲ್ಲೂ ಇದೇ ಸಂದೇಶ ಬೇರೆ ಬೇರೆ ಚಿತ್ರಗಳೊಂದಿಗೆ ಬರುತ್ತದೆ. ಇದರ ಬೆನ್ನಿಗೇ ಇನ್ನೊಂದು ಬಗೆಯ ಜಾಹೀರಾತು: ಮಂಡಿನೋವು, ಸಕ್ಕರೆ ಕಾಯಿಲೆ, ಮಕ್ಕಳ ಆಟಿಸಂ, ಪಾರ್ಶ್ವವಾಯು, ಎಲ್ಲಕ್ಕೂ ಸ್ಟೆಮ್ ಸೆಲ್ ಚಿಕಿತ್ಸೆ ಇದೆ, ಇಷ್ಟು ಲಕ್ಷ ಕಟ್ಟಿದರೆ ಸಾಕು ಎಂಬ ಭರವಸೆ.

ಈ ಎರಡೂ ಮಾತುಗಳಲ್ಲಿ ಒಂದು ನಿಜವಾದ ವಿಜ್ಞಾನ ಅಡಗಿದೆ. ಆದರೆ ಆ ವಿಜ್ಞಾನ ಹೇಳುವುದೇ ಬೇರೆ. ಕರಾವಳಿಯಿಂದ ಹೋಗಿ ಬೆಳಗಾವಿ ಧರ್ಮಪ್ರಾಂತ್ಯದಲ್ಲಿ ಸೇವೆ ಮಾಡುವ ಧರ್ಮಗುರುಗಳು, ಧರ್ಮಭಗಿನಿಯರು ಮತ್ತು ಆರೋಗ್ಯ ಕಾರ್ಯಕರ್ತರು ನಮ್ಮ ಓದುಗರಲ್ಲಿದ್ದಾರೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಂತಹ ತಾಲೂಕುಗಳಲ್ಲಿ ದೊಡ್ಡ ಕಾಯಿಲೆ ಬಂದರೆ ಜನ ಬೆಳಗಾವಿಗೋ ಹುಬ್ಬಳ್ಳಿ-ಧಾರವಾಡಕ್ಕೋ ಬಸ್ಸು ಹತ್ತಬೇಕು. ಹೊಲ ಅಡವಿಟ್ಟು, ದನ ಮಾರಿ ಚಿಕಿತ್ಸೆಗೆ ಹಣ ಹೊಂದಿಸುವ ಕುಟುಂಬಕ್ಕೆ ಯಾವುದು ಔಷಧ, ಯಾವುದು ಬರೀ ಆಸೆ ಎಂದು ತಿಳಿದಿರುವುದು ಅತ್ಯಗತ್ಯ. ಸಮಾಧಾನದ ಸಂಗತಿಯೆಂದರೆ, ಈ ವಿಷಯವನ್ನು ಅರ್ಥ ಮಾಡಿಕೊಳ್ಳಲು ಬೇಕಾದ ಉದಾಹರಣೆಗಳು ಆ ತಾಲೂಕುಗಳ ಹೊಲಗಳಲ್ಲೇ ಇವೆ.

ಹೊಲದಲ್ಲಿ ಕಾಣುವ ಪಾಠ

ಸವದತ್ತಿ, ರಾಮದುರ್ಗದ ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳ ಬೆಳೆಯುವುದನ್ನು ನೋಡಿದವರಿಗೆ ಗೊತ್ತು. ಬಿತ್ತನೆಯಾದ ಮೇಲೆ ಮಳೆ ಕಡಿಮೆ. ಮಣ್ಣಿನಲ್ಲಿ ಉಳಿದ ಹಸಿಯನ್ನೇ ನಂಬಿ ಬೆಳೆ ನಿಲ್ಲಬೇಕು. ತೆನೆ ಕಾಳು ಕಟ್ಟುವ ಹೊತ್ತಿಗೆ ಕೆಳಗಿನ ಎಲೆಗಳು ಒಂದೊಂದಾಗಿ ಹಳದಿಯಾಗಿ ಒಣಗುತ್ತವೆ. ನೋಡುವವರಿಗೆ ಅದು ಬೆಳೆ ಸೊರಗಿದಂತೆ ಕಾಣಬಹುದು. ನಿಜದಲ್ಲಿ ಗಿಡವು ಹಳೆಯ ಎಲೆಗಳೊಳಗಿನ ಪ್ರೋಟೀನುಗಳನ್ನು ಬಿಡಿಸಿ, ಅದರ ಸಾರಜನಕವನ್ನು ತೆನೆಗೆ ಸಾಗಿಸುತ್ತಿರುತ್ತದೆ. ಹಳೆಯದನ್ನು ಕರಗಿಸಿ ಹೊಸದಕ್ಕೆ ಕೊಡುವ ಈ ಕೆಲಸದಲ್ಲಿ ಸಸ್ಯಕೋಶಗಳು ಬಳಸುವ ವಿಧಾನಗಳಲ್ಲಿ ಒಂದಕ್ಕೆ ವಿಜ್ಞಾನಿಗಳು ಆಟೋಫೇಜಿ, ಅಂದರೆ ಸ್ವಭಕ್ಷಣೆ ಎಂದು ಹೆಸರಿಟ್ಟಿದ್ದಾರೆ.

ಇನ್ನು ಬೈಲಹೊಂಗಲ, ಕಿತ್ತೂರಿನ ಕಬ್ಬಿನ ಗದ್ದೆಗೆ ಬರೋಣ. ಕಬ್ಬು ಕಡಿದು ಕಾರ್ಖಾನೆಗೆ ಕಳುಹಿಸಿದ ಮೇಲೆ ಹೊಲದಲ್ಲಿ ಉಳಿಯುವುದು ಬುಡ ಮತ್ತು ರವದಿ. ಮಣ್ಣಿನೊಳಗಿನ ಬುಡದಲ್ಲಿ ಕಣ್ಣುಗಳು ಮಲಗಿರುತ್ತವೆ. ನೀರು ಹಾಯಿಸಿದರೆ ಅವು ಎದ್ದು ಕೂಳೆ ಬೆಳೆ ಬರುತ್ತದೆ. ರವದಿಯನ್ನು ಸುಟ್ಟು ಹಾಕದೆ ಕತ್ತರಿಸಿ ಹೊಲದಲ್ಲೇ ಕೊಳೆಯಲು ಬಿಟ್ಟರೆ ಅದು ಮಣ್ಣಿಗೆ ಸೇರಿ ಆ ಕೂಳೆಗೇ ಗೊಬ್ಬರವಾಗುತ್ತದೆ.

ನಮ್ಮ ದೇಹದಲ್ಲಿ ಆಕರಕೋಶಗಳು ಬುಡದಲ್ಲಿ ಮಲಗಿರುವ ಆ ಕಣ್ಣುಗಳಂತೆ. ಸ್ವಭಕ್ಷಣೆ ರವದಿಯನ್ನು ಕತ್ತರಿಸಿ ಗೊಬ್ಬರ ಮಾಡುವ ಕೆಲಸದಂತೆ. ಇವೆರಡರ ನಡುವಿನ ಸಂಬಂಧವೇ ಕಳೆದ ಹದಿನೈದು ವರ್ಷಗಳಲ್ಲಿ ಜೀವವಿಜ್ಞಾನದ ಮಹತ್ವದ ವಿಷಯಗಳಲ್ಲಿ ಒಂದಾಗಿ ಬೆಳೆದಿದೆ.

ನೊಬೆಲ್ ಬಂದದ್ದು ಯಾವುದಕ್ಕೆ?

ಆಟೋಫೇಜಿ ಎಂಬ ಹೆಸರನ್ನು 1963ರಲ್ಲಿ ಕೊಟ್ಟವರು ಬೆಲ್ಜಿಯಂನ ಲುವೇನ್ ಕಥೋಲಿಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕ್ರಿಶ್ಚಿಯನ್ ಡಿ ಡ್ಯೂವ್. ಕೋಶದೊಳಗೆ ಜೀರ್ಣರಸ ತುಂಬಿದ ಸಣ್ಣ ಚೀಲಗಳಿವೆ ಎಂದು ಅವರು 1955ರಲ್ಲಿ ಕಂಡುಕೊಂಡಿದ್ದರು. ಅವುಗಳನ್ನು ಲೈಸೋಸೋಮ್ ಎನ್ನುತ್ತಾರೆ. ಆ ಸಂಶೋಧನೆಗಾಗಿ 1974ರಲ್ಲಿ ಅವರಿಗೆ ನೊಬೆಲ್ ಹಂಚಿಕೆಯಾಯಿತು. ಕೋಶವು ತನ್ನಲ್ಲೇ ಹಾಳಾದ ಭಾಗಗಳನ್ನು, ಉದಾಹರಣೆಗೆ ಶಕ್ತಿ ಉತ್ಪಾದಿಸುವ ಮೈಟೋಕಾಂಡ್ರಿಯಾ ಕೆಟ್ಟರೆ ಅದನ್ನು, ಒಂದು ಪೊರೆಯಲ್ಲಿ ಸುತ್ತಿ ಈ ಚೀಲಗಳಿಗೆ ಒಪ್ಪಿಸುತ್ತದೆ. ಅಲ್ಲಿ ಅದು ಕರಗಿ, ಸಿಗುವ ಕಚ್ಚಾವಸ್ತು ಮತ್ತೆ ಬಳಕೆಗೆ ಬರುತ್ತದೆ.

ಇದು ಹೇಗೆ ನಡೆಯುತ್ತದೆ, ಯಾವ ವಂಶವಾಹಿಗಳು ಇದನ್ನು ನಡೆಸುತ್ತವೆ ಎಂದು ತೋರಿಸಿಕೊಟ್ಟವರು ಜಪಾನಿನ ಯೋಶಿನೋರಿ ಒಸುಮಿ. ಅವರು ಆರಿಸಿಕೊಂಡದ್ದು ಬೇಕರಿಯಲ್ಲಿ ಬ್ರೆಡ್ಡಿಗೂ, ನಮ್ಮ ಕರಾವಳಿಯ ಮನೆಗಳಲ್ಲಿ ಹಬ್ಬದ ಸಾನ್ನಾಂ ಹಿಟ್ಟಿಗೂ ಹಾಕುವ ಯೀಸ್ಟನ್ನು. ಯೀಸ್ಟಿಗೆ ಆಹಾರ ಕಡಿತಗೊಳಿಸಿದಾಗ ಅದರೊಳಗಿನ ಚೀಲದಲ್ಲಿ ಸಣ್ಣ ಸಣ್ಣ ಗುಳಿಗೆಗಳು ತುಂಬಿಕೊಳ್ಳುವುದನ್ನು ಅವರು 1992ರಲ್ಲಿ ಪ್ರಕಟಿಸಿದರು. 1993ರಲ್ಲಿ ಈ ಕೆಲಸಕ್ಕೆ ಬೇಕಾದ 15 ವಂಶವಾಹಿಗಳನ್ನು ಗುರುತಿಸಿದರು. 2016ರ ನೊಬೆಲ್ ಬಂದದ್ದು ಇದಕ್ಕೆ. ಅವರು ಉಪವಾಸವಿರಿಸಿದ್ದು ಯೀಸ್ಟನ್ನು. ಮನುಷ್ಯರು ಇಷ್ಟು ಗಂಟೆ ಉಪವಾಸವಿರಬೇಕೆಂದು ಹೇಳಿದ್ದಕ್ಕೆ ಅವರಿಗೆ ಪ್ರಶಸ್ತಿ ಬಂದಿಲ್ಲ ಎಂಬುದು ಗಮನಾರ್ಹ.

ಆಕರಕೋಶದ ತಾಳ್ಮೆ

ನಮ್ಮ ಅಸ್ಥಿಮಜ್ಜೆ ದಿನವೊಂದಕ್ಕೆ ಸುಮಾರು 20 ಸಾವಿರ ಕೋಟಿ ಕೆಂಪು ರಕ್ತಕಣಗಳನ್ನು ತಯಾರಿಸುತ್ತದೆ. ಈ ಬೃಹತ್ ಉತ್ಪಾದನೆಯ ಮೂಲದಲ್ಲಿರುವ ರಕ್ತದ ಆಕರಕೋಶಗಳು ಸಂಖ್ಯೆಯಲ್ಲಿ ಬಹಳ ಕಡಿಮೆ. ಹೆಚ್ಚಿನ ಸಮಯ ಅವು ಸುಮ್ಮನೆ ವಿಶ್ರಾಂತಿಯಲ್ಲಿರುತ್ತವೆ, ಅಪರೂಪಕ್ಕೆ ಮಾತ್ರ ವಿಭಜನೆಯಾಗುತ್ತವೆ. ದಿನನಿತ್ಯದ ದುಡಿಮೆಯನ್ನು ಅವುಗಳ ಮಕ್ಕಳು, ಮೊಮ್ಮಕ್ಕಳು ಮಾಡುತ್ತವೆ. ಎಪ್ಪತ್ತು, ಎಂಬತ್ತು ವರ್ಷ ಬಾಳಬೇಕಾದ ಬೀಜವನ್ನು ದೇಹ ಹೀಗೆ ಜೋಪಾನ ಮಾಡುತ್ತದೆ.

ಆದರೆ ಇಲ್ಲೊಂದು ತೊಂದರೆ ಇದೆ. ಪದೇಪದೇ ವಿಭಜನೆಯಾಗುವ ಕೋಶ ತನ್ನೊಳಗಿನ ಕಸವನ್ನು ಎರಡು ಮಕ್ಕಳಿಗೆ ಹಂಚಿ ಹಗುರವಾಗಬಲ್ಲದು. ವಿಭಜನೆಯಾಗದೆ ಕುಳಿತ ಕೋಶಕ್ಕೆ ಆ ದಾರಿ ಇಲ್ಲ. ಅದು ತನ್ನ ಕಸವನ್ನು ತಾನೇ ವಿಲೇವಾರಿ ಮಾಡಬೇಕು. ಆದ್ದರಿಂದಲೇ ಆಕರಕೋಶಕ್ಕೆ ಸ್ವಭಕ್ಷಣೆ ಬೇರೆ ಕೋಶಗಳಿಗಿಂತ ಹೆಚ್ಚು ಅಗತ್ಯ.

ಇದಕ್ಕೆ ಸಾಕ್ಷ್ಯ 2011ರಲ್ಲಿ ದೊರೆಯಿತು. ಆಕ್ಸ್‌ಫರ್ಡ್‌ನ ಸಂಶೋಧಕರು ಇಲಿಗಳ ರಕ್ತದ ಆಕರಕೋಶಗಳಲ್ಲಿ ಸ್ವಭಕ್ಷಣೆಗೆ ಬೇಕಾದ ಒಂದೇ ಒಂದು ವಂಶವಾಹಿಯನ್ನು ತೆಗೆದರು. ಕೆಟ್ಟ ಮೈಟೋಕಾಂಡ್ರಿಯಾಗಳು ತುಂಬಿಕೊಂಡವು, ಆಕರಕೋಶಗಳು ತಮ್ಮ ಶಕ್ತಿ ಕಳೆದುಕೊಂಡವು. ಇಲಿಗಳು ತೀವ್ರ ರಕ್ತಹೀನತೆಯಿಂದ ಕೆಲವೇ ವಾರಗಳಲ್ಲಿ ಸತ್ತವು. 2016ರಲ್ಲಿ ಸ್ಪೇನಿನ ಬಾರ್ಸಿಲೋನಾದ ಸಂಶೋಧಕರು ಮಾಂಸಖಂಡದ ಆಕರಕೋಶಗಳಲ್ಲಿ ಇದನ್ನೇ ಕಂಡರು. ಮುದಿ ಇಲಿಗಳಲ್ಲಿ ಈ ಸ್ವಚ್ಛತಾ ಕಾರ್ಯ ಕುಂಠಿತವಾಗಿ, ಕೋಶಗಳು ಮತ್ತೆಂದೂ ಏಳದ ಸ್ಥಿತಿಗೆ ಜಾರುತ್ತಿದ್ದವು. ಸ್ವಭಕ್ಷಣೆಯನ್ನು ಮತ್ತೆ ಚಾಲೂ ಮಾಡಿದಾಗ ಅವು ಚೇತರಿಸಿಕೊಂಡವು. 2017ರಲ್ಲಿ ಅಮೆರಿಕದ ಸಂಶೋಧಕರು ಇನ್ನೊಂದು ಸಂಗತಿ ತಿಳಿಸಿದರು. ಮುದಿ ಇಲಿಗಳ ರಕ್ತದ ಆಕರಕೋಶಗಳಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಚುರುಕಾಗಿ ಸ್ವಭಕ್ಷಣೆ ನಡೆಸುತ್ತಿದ್ದವು, ಹೊಸ ರಕ್ತ ತಯಾರಿಸುವ ಶಕ್ತಿ ಚೆನ್ನಾಗಿ ಉಳಿದಿದ್ದೂ ಅವುಗಳಲ್ಲೇ.

ಹಾಗಾದರೆ ಸ್ವಭಕ್ಷಣೆ ಹೆಚ್ಚಾದಷ್ಟೂ ಒಳ್ಳೆಯದೇ? ಅಲ್ಲ. ರಕ್ತಕ್ಯಾನ್ಸರಿನ ಮೂಲದಲ್ಲಿರುವ ಕೋಶಗಳೂ ಔಷಧದ ಹೊಡೆತದಿಂದ ಪಾರಾಗಲು ಇದೇ ಉಪಾಯವನ್ನು ಬಳಸಬಲ್ಲವು ಎಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ. ಒಳ್ಳೆಯ ಕೋಶವನ್ನು ಕಾಯುವ ಉಪಾಯವೇ ಕೆಟ್ಟ ಕೋಶವನ್ನೂ ಕಾಯುತ್ತದೆ. ಹಾಗಾಗಿ ಎಲ್ಲರಿಗೂ ಎಲ್ಲ ಕಾಲಕ್ಕೂ ಇದನ್ನು ಹೆಚ್ಚಿಸುವ ಮಾತ್ರೆ ಕೊಡುತ್ತೇವೆ ಎಂಬ ಮಾತನ್ನು ಸಂಶಯದಿಂದಲೇ ನೋಡಬೇಕು.

ಬೆಂಗಳೂರಿನಲ್ಲೂ ಈ ಕೆಲಸ

ಈ ಸಂಶೋಧನೆ ಹೊರದೇಶಗಳಿಗೆ ಮಾತ್ರ ಸೀಮಿತವಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊಫೆಸರ್ ರವಿ ಮಂಜಿತ್ತಾಯ ಅವರ ಪ್ರಯೋಗಾಲಯ ಸ್ವಭಕ್ಷಣೆಯ ಅಧ್ಯಯನಕ್ಕೇ ಮೀಸಲಾಗಿದೆ. ಸ್ವಭಕ್ಷಣೆಯನ್ನು ಪ್ರಚೋದಿಸುವ ಒಂದು ರಾಸಾಯನಿಕವನ್ನು ಅವರ ತಂಡ ಗುರುತಿಸಿ, ಪಾರ್ಕಿನ್ಸನ್ ಮಾದರಿಯ ಇಲಿಗಳ ಮಿದುಳಿನ ಕೋಶಗಳನ್ನು ಅದು ಕಾಪಾಡುವುದೆಂದು 2017ರಲ್ಲಿ ವರದಿ ಮಾಡಿತು. ಇದು ಇಲಿಗಳಲ್ಲಿ ಕಂಡ ಫಲ, ಅಂಗಡಿಯಲ್ಲಿ ಸಿಗುವ ಔಷಧವಲ್ಲ. ಆಕರಕೋಶಗಳ ಅಧ್ಯಯನಕ್ಕಾಗಿಯೇ 2009ರಲ್ಲಿ ಬೆಂಗಳೂರಿನಲ್ಲಿ ಇನ್‌ಸ್ಟೆಮ್ ಎಂಬ ರಾಷ್ಟ್ರೀಯ ಸಂಸ್ಥೆ ಆರಂಭವಾಯಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿರುವ ಆಕರಕೋಶ ಸಂಶೋಧನಾ ಕೇಂದ್ರ ಅದರ ಘಟಕ.

ಅದೇ ವೆಲ್ಲೂರಿನಿಂದ 2024ರ ಡಿಸೆಂಬರಿನಲ್ಲಿ ಒಂದು ಶುಭವಾರ್ತೆ ಬಂತು. ಗಾಯವಾದರೆ ರಕ್ತ ಹೆಪ್ಪುಗಟ್ಟದ ತೀವ್ರ ಹಿಮೋಫಿಲಿಯಾ ಇದ್ದ ಐವರು ರೋಗಿಗಳ ರಕ್ತದ ಆಕರಕೋಶಗಳನ್ನು ಹೊರತೆಗೆದು, ಕೊರತೆಯಿದ್ದ ವಂಶವಾಹಿಯನ್ನು ಅವುಗಳಿಗೆ ಸೇರಿಸಿ, ಅವರಿಗೇ ಮರಳಿಸಲಾಗಿತ್ತು. ಆ ಬಳಿಕ ನಿಗಾ ಇಟ್ಟ ಅವಧಿಯಲ್ಲಿ ಐವರಲ್ಲೂ ರಕ್ತಸ್ರಾವ ನಿಂತಿತ್ತು. ಐದೇ ಮಂದಿ, ಅನುಮತಿ ಪಡೆದ ಪ್ರಯೋಗ, ಫಲಿತಾಂಶ ಎಲ್ಲರ ಪರಿಶೀಲನೆಗೆ ಪ್ರಕಟ. ಪ್ರಾಮಾಣಿಕ ಆಕರಕೋಶ ಚಿಕಿತ್ಸೆ ಹೆಜ್ಜೆ ಇಡುವುದು ಹೀಗೆ. ದೇಹದಿಂದ ಹೊರತೆಗೆದ ಆಕರಕೋಶಗಳು ಬೇಗ ತಮ್ಮ ಮೂಲಗುಣ ಕಳೆದುಕೊಳ್ಳುತ್ತವೆ ಎಂಬುದು ಇಂತಹ ಚಿಕಿತ್ಸೆಗಳ ದೊಡ್ಡ ತೊಡಕು. ಅವುಗಳನ್ನು ಒಳಗಿನಿಂದ ಸ್ವಚ್ಛವಾಗಿಡುವ ಕ್ರಮ ತಿಳಿದಷ್ಟೂ ಮುಂದಿನ ದಾರಿ ಸುಲಭವಾಗಬಹುದು.

ಉಪವಾಸದ ಲೆಕ್ಕ

ಉಪವಾಸಕ್ಕೂ ಆಕರಕೋಶಕ್ಕೂ ಸಂಬಂಧವೇ ಇಲ್ಲವೆಂದು ಹೇಳುವಂತಿಲ್ಲ. ಎರಡರಿಂದ ನಾಲ್ಕು ದಿನಗಳ ಉಪವಾಸವನ್ನು ಮತ್ತೆ ಮತ್ತೆ ಮಾಡಿಸಿದಾಗ ಇಲಿಗಳ ರಕ್ತದ ಆಕರಕೋಶಗಳು ಚುರುಕಾದವು ಎಂದು 2014ರಲ್ಲಿ ಅಮೆರಿಕದ ಅಧ್ಯಯನವೊಂದು ತಿಳಿಸಿತು. ಆದರೆ ಒಂದೇ ದಿನ ಆಹಾರವಿಲ್ಲದಿದ್ದರೂ ಇಲಿ ತನ್ನ ದೇಹತೂಕದ ಗಣನೀಯ ಪಾಲನ್ನು ಕಳೆದುಕೊಳ್ಳುತ್ತದೆ. ಮನುಷ್ಯನಿಗೆ ಹಾಗಾಗುವುದಿಲ್ಲ. ಇಲಿಯ ಗಂಟೆಯನ್ನು ಮನುಷ್ಯನ ಗಂಟೆಗೆ ನೇರವಾಗಿ ಹೊಂದಿಸಿ, "ಹದಿನಾರು ಗಂಟೆಗೆ ಸ್ವಭಕ್ಷಣೆ ಶುರು" ಎಂದು ಪಟ್ಟಿ ಮಾಡುವುದಕ್ಕೆ ಆಧಾರವಿಲ್ಲ. ನಮ್ಮ ದೇಹದಲ್ಲಿ ಅದು ಎಷ್ಟು ನಡೆದಿದೆ ಎಂದು ಊರಿನ ಯಾವ ಲ್ಯಾಬಿನಲ್ಲೂ ರಕ್ತ ಕೊಟ್ಟು ತಿಳಿದುಕೊಳ್ಳುವಂತಿಲ್ಲ.

2024ರಲ್ಲಿ ಅಮೆರಿಕದ ಎಂಐಟಿಯ ವಿಜ್ಞಾನಿಗಳು ಹೊಸದೊಂದು ಸಂಗತಿ ಹೊರಗೆಡವಿದರು. ಇಲಿಗಳ ಕರುಳಿನ ಆಕರಕೋಶಗಳು ಅತಿ ಹೆಚ್ಚು ಚುರುಕಾದದ್ದು ಉಪವಾಸದ ಹೊತ್ತಿನಲ್ಲಿ ಅಲ್ಲ, ಉಪವಾಸ ಮುರಿದು ಉಣ್ಣತೊಡಗಿದ ಮೇಲೆ. ಅದೇ ಹೊತ್ತಿನಲ್ಲಿ ಕ್ಯಾನ್ಸರಿಗೆ ದಾರಿ ಮಾಡುವ ದೋಷವೊಂದು ಕೋಶದಲ್ಲಿ ಉಂಟಾದರೆ ಗಡ್ಡೆ ಬೆಳೆಯುವ ಸಂಭವವೂ ಹೆಚ್ಚಿತ್ತು. ಇದರಿಂದ ಉಪವಾಸ ಅಪಾಯ ಎಂದು ಯಾರೂ ಹೆದರಬೇಕಾಗಿಲ್ಲ, ಇದೂ ಇಲಿಯ ಮಾತೇ. ವಿಷಯ ಮೊಬೈಲ್ ಸಂದೇಶದಷ್ಟು ಸರಳವಲ್ಲ ಎಂಬುದಷ್ಟೇ ಇದರ ತಾತ್ಪರ್ಯ.

ಹಾಗಾಗಿ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು "ಕೋಶ ಶುದ್ಧಿ"ಯ ಹೆಸರಿನಲ್ಲಿ ವೈದ್ಯರನ್ನು ಕೇಳದೆ ದೀರ್ಘ ಉಪವಾಸ ಕೈಗೊಳ್ಳಬಾರದು. ಸಕ್ಕರೆಯ ಮಟ್ಟ ದಿಢೀರನೆ ಕುಸಿದು ಪ್ರಜ್ಞೆ ತಪ್ಪಬಹುದು. ಗರ್ಭಿಣಿಯರು, ಬಾಣಂತಿಯರು, ಕ್ಷಯಕ್ಕೆ ಔಷಧ ಪಡೆಯುತ್ತಿರುವವರು, ಬಿಸಿಲಿನಲ್ಲಿ ಕಬ್ಬು ಕಡಿಯುವ, ಕಳೆ ಕೀಳುವ ಶ್ರಮಿಕರು ಇವರಿಗೆಲ್ಲ ಈ ಎಚ್ಚರಿಕೆ ಇನ್ನೂ ಹೆಚ್ಚು. ಧರ್ಮಸಭೆಯ ನಿಯಮವೂ ಉಪವಾಸದ ಕಡ್ಡಾಯವನ್ನು 18 ವರ್ಷದಿಂದ 59 ವರ್ಷದವರಿಗೆ ಮಾತ್ರ ಇಟ್ಟಿದೆ, ಅಸ್ವಸ್ಥರಿಗೆ ವಿನಾಯಿತಿ ಇದೆ. ಉಪವಾಸ ಪ್ರಾರ್ಥನೆಗೂ ದಾನಕ್ಕೂ ಜೊತೆಯಾದದ್ದು. ಅದನ್ನು ಯೌವನ ಮರಳಿಸುವ ಉಪಾಯವೆಂದು ಪ್ರಚಾರ ಮಾಡಿದರೆ ಉಪವಾಸಕ್ಕೂ ನ್ಯಾಯವಿಲ್ಲ, ವಿಜ್ಞಾನಕ್ಕೂ ನ್ಯಾಯವಿಲ್ಲ.

ಹಣ ಕಟ್ಟುವ ಮೊದಲು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ರಾಷ್ಟ್ರೀಯ ಮಾರ್ಗಸೂಚಿ ಬಹಳ ಸ್ಪಷ್ಟವಾಗಿದೆ. ರಕ್ತಕ್ಯಾನ್ಸರ್, ಥಲಸ್ಸೇಮಿಯಾ ಮೊದಲಾದ ರಕ್ತಸಂಬಂಧಿ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂತಹ ಒಪ್ಪಿತ ಚಿಕಿತ್ಸೆ ಬಿಟ್ಟರೆ, ಬೇರೆ ಕಾಯಿಲೆಗಳಿಗೆ ಆಕರಕೋಶ ಕೊಡುವುದು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಆಕರಕೋಶದಿಂದ ತಯಾರಾದ ಉತ್ಪನ್ನಗಳನ್ನು ಹೊಸ ಔಷಧಗಳ ಸಾಲಿಗೆ ಸೇರಿಸಿವೆ. ಅಂದರೆ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಒಪ್ಪಿಗೆ ಪಡೆದ ಮೇಲಷ್ಟೇ ಮಾರಬೇಕು. ಆಟಿಸಂ ಇರುವ ಮಕ್ಕಳಿಗೆ ಆಕರಕೋಶ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿಯೂ 2022ರ ಡಿಸೆಂಬರಿನಲ್ಲಿ ತಿಳಿಸಿತು. ಹೆರಿಗೆಯ ಸಂದರ್ಭದಲ್ಲಿ ಹೊಕ್ಕುಳಬಳ್ಳಿಯ ರಕ್ತವನ್ನು ಹಣ ಕಟ್ಟಿ ಕಾದಿರಿಸಿ ಎಂದು ಒತ್ತಾಯಿಸುವವರಿದ್ದಾರೆ. ಮಗು ಮುಂದೆ ತನಗೇ ಬಳಸಿಕೊಳ್ಳಲೆಂದು ಹಾಗೆ ಇಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಇದೇ 2017ರ ಮಾರ್ಗಸೂಚಿ ಹೇಳುತ್ತದೆ.

ಯಾರಾದರೂ ಆಕರಕೋಶ ಚಿಕಿತ್ಸೆ ಸೂಚಿಸಿದರೆ ಮೂರು ಪ್ರಶ್ನೆ ಕೇಳಬೇಕು. ಈ ಕಾಯಿಲೆಗೆ ಇದು ಒಪ್ಪಿತ ಚಿಕಿತ್ಸೆಯೋ, ಪ್ರಯೋಗವೋ? ಪ್ರಯೋಗವಾದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಪಟ್ಟಿಯಲ್ಲಿ ಅದರ ಸಂಖ್ಯೆ ಯಾವುದು? ಪ್ರಯೋಗವಾದರೆ ನನ್ನಿಂದ ಹಣ ಏಕೆ ಕೇಳುತ್ತೀರಿ? ಪ್ರಯೋಗಕ್ಕೆ ಒಳಗಾಗುವವರಿಂದ ಅದಕ್ಕಾಗಿ ಹಣ ಪಡೆಯುವಂತಿಲ್ಲ. ಈ ಪ್ರಶ್ನೆಗಳಿಗೆ ಲಿಖಿತ ಉತ್ತರ ಸಿಗದಿದ್ದರೆ ಹೊಲದ ಪತ್ರವನ್ನು ಪೆಟ್ಟಿಗೆಯಲ್ಲೇ ಭದ್ರವಾಗಿಡುವುದು ಲೇಸು.

ಧರ್ಮಸಭೆ ಆಕರಕೋಶ ವಿಜ್ಞಾನದ ವಿರೋಧಿ ಎಂಬ ತಪ್ಪುಕಲ್ಪನೆಯೂ ಕೆಲವರಲ್ಲಿದೆ. 2008ರಲ್ಲಿ ವ್ಯಾಟಿಕನ್ ಪ್ರಕಟಿಸಿದ 'ಡಿಗ್ನಿತಾಸ್ ಪೆರ್ಸೋನೆ' ದಾಖಲೆ ಭ್ರೂಣವನ್ನು ನಾಶಮಾಡಿ ಆಕರಕೋಶ ಪಡೆಯುವುದನ್ನು ಮಾತ್ರ ತಿರಸ್ಕರಿಸುತ್ತದೆ. ವಯಸ್ಕರ ದೇಹದಿಂದ, ಹೊಕ್ಕುಳಬಳ್ಳಿಯ ರಕ್ತದಿಂದ ಪಡೆಯುವುದನ್ನು ಒಪ್ಪುತ್ತದೆ. ಅಸ್ಥಿಮಜ್ಜೆ ಕಸಿಯಾಗಲಿ, ವೆಲ್ಲೂರಿನ ಹಿಮೋಫಿಲಿಯಾ ಚಿಕಿತ್ಸೆಯಾಗಲಿ ಈ ಒಪ್ಪಿತ ದಾರಿಯವೇ.

ನಾವು ಮಾಡಬಹುದಾದದ್ದು

ಪದೇಪದೇ ರಕ್ತ ಹಾಕಿಸಿಕೊಂಡೇ ಬದುಕುವ ಥಲಸ್ಸೇಮಿಯಾ ಮಕ್ಕಳಿಗೆ ಇಂದು ಲಭ್ಯವಿರುವ ಪರಿಹಾರ ಹೊಂದಾಣಿಕೆಯಾಗುವ ಸಹೋದರ, ಸಹೋದರಿಯ ಅಸ್ಥಿಮಜ್ಜೆ. ಕೋಲ್ ಇಂಡಿಯಾ ಸಂಸ್ಥೆಯ ನೆರವಿನಿಂದ 2017ರಲ್ಲಿ ಆರಂಭವಾದ ಥಲಸ್ಸೇಮಿಯಾ ಬಾಲ ಸೇವಾ ಯೋಜನೆಯಲ್ಲಿ ಅರ್ಹ ಮಕ್ಕಳ ಕಸಿಗೆ 10 ಲಕ್ಷ ರೂಪಾಯಿಯವರೆಗೆ ಸಹಾಯ ನಿಗದಿಯಾಗಿದೆ. ಹಳ್ಳಿಗಳಲ್ಲಿ ಮನೆಭೇಟಿ ಮಾಡುವ ಭಗಿನಿಯರು, ಕಾರ್ಯಕರ್ತರು ಇಂತಹ ಮಗುವನ್ನು ಕಂಡರೆ ಅದರ ಮನೆಯವರಿಗೆ ಈ ಯೋಜನೆಯ ವಿಷಯ ತಿಳಿಸಿ, ಅರ್ಜಿ ತುಂಬಿಸಲು ನೆರವಾದರೆ ಅದು ದೊಡ್ಡ ಸೇವೆ.

ಮನೆಯಲ್ಲಿ ಹೊಂದಾಣಿಕೆ ಸಿಗದ ಹಲವು ರೋಗಿಗಳು ಅಪರಿಚಿತ ದಾನಿಗಳನ್ನು ನಂಬಬೇಕಾಗುತ್ತದೆ. ದಾತ್ರಿ, ಡಿಕೆಎಂಎಸ್ ಇಂಡಿಯಾದಂತಹ ನೋಂದಣಿ ಸಂಸ್ಥೆಗಳು ಕೆನ್ನೆಯ ಒಳಭಾಗದಿಂದ ಹತ್ತಿಯಲ್ಲಿ ತೆಗೆದ ಮಾದರಿಯಿಂದಲೇ ಆರೋಗ್ಯವಂತ ವಯಸ್ಕರ ಹೆಸರು ದಾಖಲಿಸಿಕೊಳ್ಳುತ್ತವೆ. ಯಾರಿಗಾದರೂ ಹೊಂದಿಕೆಯಾದರೆ, ಹೆಚ್ಚಿನ ಸಂದರ್ಭಗಳಲ್ಲಿ ತೋಳಿನ ರಕ್ತನಾಳದಿಂದಲೇ ಆಕರಕೋಶಗಳನ್ನು ಪಡೆಯಲಾಗುತ್ತದೆ. ಕೊಟ್ಟದ್ದನ್ನು ದೇಹ ಮತ್ತೆ ತುಂಬಿಕೊಳ್ಳುತ್ತದೆ. ನಮ್ಮ ಧರ್ಮಕೇಂದ್ರಗಳ ಯುವಸಂಘಟನೆಗಳು ರಕ್ತದಾನ ಶಿಬಿರ ನಡೆಸುವುದು ಹೊಸದಲ್ಲ. ಅದೇ ಶಿಬಿರದಲ್ಲಿ ಈ ನೋಂದಣಿಗೂ ಒಂದು ಮೇಜು ಹಾಕಬಹುದು.

ಕೋಶದೊಳಗಿನ ಈ ಶುಚಿತ್ವದ ಕಾರ್ಯವನ್ನು ದೇಹ ಹಗಲಿರುಳೂ ತಾನೇ ನಡೆಸುತ್ತಿದೆ. ಅದನ್ನು ಬಾಟಲಿಯಲ್ಲಿ ತುಂಬಿ ಮಾರಲು ಇಂದಿನ ಮಟ್ಟಿಗೆ ಯಾರಿಗೂ ಸಾಧ್ಯವಾಗಿಲ್ಲ. ಮಾರುತ್ತೇವೆ ಎಂದು ಬರುವವರನ್ನು ಪ್ರಶ್ನಿಸೋಣ. ಮಜ್ಜೆಯಲ್ಲಿ ದೇಹ ಜೋಪಾನವಾಗಿ ಕಾದಿಟ್ಟ ಬೀಜದಲ್ಲಿ ಒಂದು ಪಾಲನ್ನು ಅಗತ್ಯವಿರುವವರಿಗೆ ಕೊಡಲು ಮುಂದೆ ಬರೋಣ. ಬೈಲಹೊಂಗಲದ ಹಳ್ಳಿಯಲ್ಲಾಗಲಿ ಬಂಟ್ವಾಳದ ಹಳ್ಳಿಯಲ್ಲಾಗಲಿ, ಆಕರಕೋಶ ವಿಜ್ಞಾನದಿಂದ ಬಡವನಿಗೆ ಇಂದೇ ದೊರೆಯಬಹುದಾದ ಉಪಕಾರ ಅದು.